ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ: ವಿಂಡೋಸ್ ಮತ್ತೆ ಹಾಕಿದರೆ ಸರಿಹೋಗುತ್ತಾ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಮುಂದಿನ ಲೈಟೂ ಹತ್ತುತ್ತದೆ. ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ. ಕೆಲವು ಸಲ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದವರ ಹಾಗೆ ಶುರುವಾಗುತ್ತದೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿ ಅಂತ ಒಬ್ಬರು, ಮದರ್‌ಬೋರ್ಡ್ ಹೋಗಿದೆ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಕಂಪನಿಯ ಲೋಗೋ ಕೂಡ ಬರುವ ಮೊದಲೇ ಕಂಪ್ಯೂಟರ್ ನಿಂತುಬಿಟ್ಟರೆ ವಿಂಡೋಸ್‌ನ ಸರದಿ ಇನ್ನೂ ಬಂದಿಲ್ಲ ಎಂದೇ ಅರ್ಥ. ಡಿಸ್ಕ್‌ನಲ್ಲಿರುವ ಒಂದಕ್ಷರವನ್ನೂ ಅದು ಓದಿಲ್ಲ. ಓದದೇ ಇರುವುದನ್ನು ಅಳಿಸಿ ಬರೆದು ಏನು ಸಿಗುತ್ತದೆ? ನಿಮ್ಮ ಫೋಟೋ, ಫೈಲ್‌ಗಳು ಹೋಗುತ್ತವೆ ಅಷ್ಟೇ. ಇನ್ನು ಮದರ್‌ಬೋರ್ಡ್ ನಿಜಕ್ಕೂ ಹೋಗಿರಬಹುದು. ಆದರೆ ಆ ತೀರ್ಮಾನಕ್ಕೆ ಬರಬೇಕಾದ್ದು ಉಳಿದದ್ದನ್ನೆಲ್ಲ ನೋಡಿ ಮುಗಿಸಿದ ಮೇಲೆ.

ಮೊದಲು ತಿಳಿಯಬೇಕಾದ್ದು ಕಂಪ್ಯೂಟರ್ ಎಲ್ಲಿವರೆಗೆ ಬಂದು ನಿಲ್ಲುತ್ತಿದೆ ಎಂಬುದು. ಬಟನ್ ಒತ್ತಿದ ಮೇಲೆ ನಡೆಯುವ ಕೆಲಸಕ್ಕೆ ಒಂದು ಕ್ರಮ ಇದೆ. ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಪೆಟ್ಟಿಗೆ, ಮೊದಲು 12, 5 ಮತ್ತು 3.3 ವೋಲ್ಟ್ ಕೊಡಲು ಶುರುಮಾಡುತ್ತದೆ. ಅವು ಸ್ಥಿರವಾದ ಮೇಲೆ, ಅರ್ಧ ಸೆಕೆಂಡಿನ ಒಳಗೆ, ‘ಎಲ್ಲ ಸರಿ ಇದೆ’ ಎಂದು ಮದರ್‌ಬೋರ್ಡ್‌ಗೆ ಒಂದು ಸಿಗ್ನಲ್ ಕಳಿಸುತ್ತದೆ. ಅದು ಬಂದರೇನೇ ಪ್ರೊಸೆಸರ್ ಎದ್ದು ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರುವ, ಕಂಪ್ಯೂಟರ್ ಎಬ್ಬಿಸುವ ಪುಟ್ಟ ತಂತ್ರಾಂಶ) ಓದಲು ತೊಡಗುವುದು. ಬಯೋಸ್ ರ‍್ಯಾಮ್ ಪರೀಕ್ಷಿಸುತ್ತದೆ, ಗ್ರಾಫಿಕ್ಸ್ ಎಬ್ಬಿಸುತ್ತದೆ, ಡಿಸ್ಕ್ ಹುಡುಕುತ್ತದೆ. ಈ ತಪಾಸಣೆಯನ್ನು ಪೋಸ್ಟ್ ಅನ್ನುತ್ತಾರೆ. ವಿಂಡೋಸ್ ಬರುವುದು ಇದೆಲ್ಲ ಮುಗಿದ ಮೇಲೆ.

ಫ್ಯಾನ್ ತಿರುಗುವುದಕ್ಕೆ ಇದ್ಯಾವುದೂ ಬೇಕಿಲ್ಲ. 12 ವೋಲ್ಟ್ ಸಿಕ್ಕರೆ ಸಾಕು, ಅದು ತಿರುಗುತ್ತದೆ. ‘ಫ್ಯಾನ್ ತಿರುಗ್ತಿದೆ, ಹಾಗಾಗಿ ಪವರ್ ಸರಿ ಇದೆ’ ಅಂತ ಹೇಳುವವರನ್ನು ನಂಬಿ ಎಸ್‌ಎಂಪಿಎಸ್ ಅನ್ನು ಲೆಕ್ಕದಿಂದ ಬಿಟ್ಟುಬಿಡಬೇಡಿ. ಅದಕ್ಕೆ ಆಮೇಲೆ ಬರೋಣ.

ಕ್ಯಾಬಿನೆಟ್ ಬಿಚ್ಚುವ ಮೊದಲು ಮಾನಿಟರ್ ನೋಡಿ. ‘ನೋ ಸಿಗ್ನಲ್’ ಅಂತ ಬರೆದು ಬರುತ್ತಿದ್ದರೆ ಮಾನಿಟರ್ ಚೆನ್ನಾಗಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ ಅಷ್ಟೇ. ಕೇಬಲ್ ಎಚ್‌ಡಿಎಂಐಗೆ ಹಾಕಿ, ಮಾನಿಟರ್‌ನ ಮೆನುವಿನಲ್ಲಿ ಬೇರೆ ಇನ್‌ಪುಟ್ ಆರಿಸಿರುವುದು ತುಂಬಾ ಸಾಮಾನ್ಯ. ಇನ್ನೊಂದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡ್‌ಗೇ ಹೋಗಬೇಕು, ಮೇಲೆ ಮದರ್‌ಬೋರ್ಡ್‌ನಲ್ಲಿರುವ ಪೋರ್ಟ್‌ಗಲ್ಲ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದೇ ಇಲ್ಲ. ಅಂಥ ಕಡೆ ಮೇಲಿನ ಪೋರ್ಟ್‌ಗೆ ಚುಚ್ಚಿದರೆ ಎಷ್ಟು ಕಾದರೂ ಏನೂ ಬರುವುದಿಲ್ಲ.

ಆಮೇಲೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಒತ್ತಿ. ಒತ್ತಿದಂತೆಲ್ಲ ಅದರ ಲೈಟ್ ಹತ್ತಿ ಆರುತ್ತಿದ್ದರೆ ಒಳಗೆ ಕಂಪ್ಯೂಟರ್ ಜೀವಂತವಾಗಿದೆ, ಹೋಗಿರುವುದು ಚಿತ್ರ ಮಾತ್ರ. ಆಗ ಕೇಬಲ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಕಡೆ ಹುಡುಕಿ. ಲೈಟ್ ಅಲುಗದೇ ಇದ್ದರೆ ಪೋಸ್ಟ್ ಮುಗಿದಿಲ್ಲ ಎಂದುಕೊಂಡು ಮುಂದೆ ಹೋಗಿ.

ಪೋಸ್ಟ್ ಎಲ್ಲಿ ನಿಂತಿದೆ ಅಂತ ಮದರ್‌ಬೋರ್ಡೇ ಹೇಳುವುದುಂಟು. ಈಚಿನ ಎಷ್ಟೋ ಬೋರ್ಡ್‌ಗಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ನಾಲ್ಕು ಎಲ್‌ಇಡಿಗಳಿರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಸಿಪಿಯು ಅಂದರೆ ಪ್ರೊಸೆಸರ್, ಡಿರ‍್ಯಾಮ್ ಅಂದರೆ ರ‍್ಯಾಮ್, ವಿಜಿಎ ಅಂದರೆ ಗ್ರಾಫಿಕ್ಸ್, ಬೂಟ್ ಅಂದರೆ ಡಿಸ್ಕ್ ಕಡೆಯದು. ಆನ್ ಮಾಡಿದಾಗ ಒಂದೊಂದಾಗಿ ಹತ್ತಿ ಆರುತ್ತವೆ. ಯಾವುದು ಆರದೇ ಉಳಿಯುತ್ತದೋ ತೊಂದರೆ ಅಲ್ಲಿದೆ. ಹಳೆಯ ಬೋರ್ಡ್‌ಗಳಲ್ಲಿ ಇದೇ ಕೆಲಸವನ್ನು ಬೀಪ್ ಶಬ್ದ ಮಾಡುತ್ತಿತ್ತು. ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡ್ ತೊಂದರೆ. ಆದರೆ ಬೀಪ್‌ಗಳ ಅರ್ಥ ಬಯೋಸ್‌ನಿಂದ ಬಯೋಸ್‌ಗೆ ಬೇರೆ, ನಿಮ್ಮ ಬೋರ್ಡ್‌ನ ಮ್ಯಾನ್ಯುವಲ್ ನೋಡಿಯೇ ತಿಳಿಯಬೇಕು. ಬೀಪ್ ಕೇಳಿಸಲೇ ಇಲ್ಲ ಅಂದರೆ ಗಾಬರಿ ಬೇಡ. ಈಗಿನ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ.

ಈಗ ರ‍್ಯಾಮ್. ನಿಮ್ಮ ಲಕ್ಷಣಕ್ಕೆ, ಅದರಲ್ಲೂ ‘ಕೆಲವು ಸಲ ಬರುತ್ತೆ’ ಅನ್ನುವ ಮಾತಿಗೆ, ನನ್ನ ಮೊದಲ ಅನುಮಾನ ಇದರ ಮೇಲೆಯೇ. ಪೂರ್ತಿ ಸತ್ತ ಭಾಗ ಮಧ್ಯೆ ಮಧ್ಯೆ ಬದುಕುವುದು ಅಪರೂಪ. ಬಂದು ಹೋಗಿ ಮಾಡುವುದು ಹೆಚ್ಚಾಗಿ ಸಡಿಲ ಕಾಂಟ್ಯಾಕ್ಟ್.

ಪವರ್ ಕಾರ್ಡ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು, ಕಾರ್ಡ್ ಹೊರಗೇ ಬರಬೇಕು. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಜಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ಸ್ಲಾಟ್‌ನ ತುದಿಯ ಕ್ಲಿಪ್ ಕೆಳಗೆ ಒತ್ತಿದರೆ ರ‍್ಯಾಮ್ ತಾನೇ ಸ್ವಲ್ಪ ಮೇಲೆದ್ದು ಬರುತ್ತದೆ. ಅದರ ಕೆಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಡಿಡಿಆರ್4 ಆಗಲಿ ಡಿಡಿಆರ್5 ಆಗಲಿ (ಇವು ರ‍್ಯಾಮ್‌ನ ತಲೆಮಾರುಗಳು), ಆ ಅಂಚಿನಲ್ಲಿ ಎರಡೂ ಬದಿ ಸೇರಿ 288 ಚಿನ್ನದ ಬಣ್ಣದ ಪಟ್ಟಿಗಳಿವೆ. ಕೆಲವು ಮಂಕಾಗಿರುತ್ತವೆ, ಕೆಲವದರ ಮೇಲೆ ಬೆರಳಿನ ಜಿಡ್ಡಿನ ಗುರುತು ಇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುವ ಪದ್ಧತಿ ಎಲ್ಲರಿಗೂ ಗೊತ್ತು. ಅದೂ ನಡೆಯುತ್ತದೆ, ಆದರೆ ಜೋರಾಗಿ ಉಜ್ಜಿದರೆ ಆ ತೆಳು ಲೇಪವೇ ಎದ್ದುಬರುತ್ತದೆ. ರಬ್ಬರಿನ ಪುಡಿ ಸ್ಲಾಟ್ ಒಳಗೆ ಬೀಳಲೂಬಾರದು. ಸ್ಲಾಟ್‌ಗೆ ಬಾಯಿಂದ ಊದಬೇಡಿ, ಗಾಳಿಯ ಜೊತೆ ಎಂಜಲೂ ಹೋಗುತ್ತದೆ.

ತಿರುಗಿ ಹಾಕುವಾಗ ಒಂದೇ ರ‍್ಯಾಮ್ ಹಾಕಿ. ನಾಲ್ಕು ಸ್ಲಾಟ್ ಇದ್ದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು. ಅಂಚಿನಲ್ಲಿರುವ ಕಚ್ಚು ಸ್ಲಾಟ್‌ನ ಗುಬುಟಿಗೆ ಕೂರುವಂತೆ ನೋಡಿಕೊಂಡು, ಎರಡು ಹೆಬ್ಬೆರಳಿನಿಂದ ಎರಡೂ ತುದಿ ಒತ್ತಿ. ‘ಟಕ್’ ಅನ್ನಬೇಕು. ಕ್ಲಿಪ್ ಒಂದೇ ಬದಿಗಿರುವ ಬೋರ್ಡ್‌ಗಳಲ್ಲಿ ಮೋಸ ಹೋಗುವುದು ಸುಲಭ. ಕ್ಲಿಪ್ ಇರುವ ಕಡೆ ಟಕ್ ಅಂದಿರುತ್ತದೆ, ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇ ಉಳಿದಿರುತ್ತದೆ. ಪಕ್ಕದಿಂದ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಬರಲಿಲ್ಲವಾ? ಇನ್ನೊಂದು ರ‍್ಯಾಮ್ ಅದೇ ಸ್ಲಾಟ್‌ಗೆ. ಆಮೇಲೆ ಬೇರೆ ಸ್ಲಾಟ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಿಸಿ ಕಂಪ್ಯೂಟರ್ ಶುರುವಾದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ, ಮುಂದಿನ ತಿಂಗಳು ಮತ್ತೆ ಮೊದಲಿಂದ ಹುಡುಕಬೇಕು. ಯಾವ ಸ್ಲಾಟ್‌ಗೆ ಹಾಕಿದರೂ ಒಂದೇ ರ‍್ಯಾಮ್ ಕೈಕೊಟ್ಟರೆ ಆ ರ‍್ಯಾಮ್ ಕೆಟ್ಟಿದೆ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟ್ ಕೈಕೊಟ್ಟರೆ ಸ್ಲಾಟ್ ಕೆಟ್ಟಿದೆ.

ಡಿಡಿಆರ್5 ಬೋರ್ಡ್ ಇದ್ದರೆ ತಾಳ್ಮೆ ಬೇಕು. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಬಯೋಸ್ ಆ ರ‍್ಯಾಮ್‌ಗೆ ತಕ್ಕ ಟೈಮಿಂಗ್ ಹುಡುಕುತ್ತಾ ಕೂರುತ್ತದೆ. ಕೆಲವು ನಿಮಿಷ ಸ್ಕ್ರೀನ್ ಕಪ್ಪಗಿರುವುದು ಮಾಮೂಲಿ. ಅಷ್ಟರಲ್ಲಿ ತಾಳ್ಮೆಗೆಟ್ಟು ಆಫ್ ಮಾಡಿದರೆ ಅದು ಮತ್ತೆ ಮೊದಲಿಂದ ಶುರುಮಾಡುತ್ತದೆ. ಹದಿನೈದು ನಿಮಿಷ ಸುಮ್ನೆ ಬಿಟ್ಟುಬಿಡಿ.

ರ‍್ಯಾಮ್ ಸರಿ ಇದ್ದೂ ಬರದಿದ್ದರೆ ಬೇಡದ್ದೆಲ್ಲ ಕಳಚಿ. ಪೆನ್‌ಡ್ರೈವ್, ಪ್ರಿಂಟರ್, ಡಿಸ್ಕ್‌ಗಳು, ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಗ್ರಾಫಿಕ್ಸ್ ಕಾರ್ಡೂ ಸಹ. ಪ್ರೊಸೆಸರ್, ಅದರ ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟೇ ಉಳಿಯಲಿ. ಬಯೋಸ್ ಪರದೆ ಬರಲು ಇಷ್ಟು ಸಾಕು. ಬಂದರೆ ಒಂದೊಂದೇ ತಿರುಗಿ ಹಾಕುತ್ತಾ ಹೋಗಿ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ಗಟ್ಟಿಯಾಗಿ ಕೂತಿದೆಯಾ ಅಂತಲೂ ನೋಡಿಬಿಡಿ. ಪ್ರೊಸೆಸರ್‌ಗೆ ಕರೆಂಟ್ ಹೋಗುವುದು ಅದರ ಮೂಲಕ. ಅದು ಬಿಟ್ಟುಕೊಂಡಿದ್ದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ, ನಿಮ್ಮದೇ ಲಕ್ಷಣ.

ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇದೆ, ಸಿಆರ್2032, 3 ವೋಲ್ಟ್‌ನದು. ಗಡಿಯಾರ ಆಗಾಗ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಬದಲಿಸಿ. ಕಾರ್ಡ್ ಕಿತ್ತಿಟ್ಟು ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟರೆ ಬಯೋಸ್‌ನ ಸೆಟ್ಟಿಂಗ್‌ಗಳೆಲ್ಲ ಮೊದಲಿನಂತಾಗುತ್ತವೆ. ರ‍್ಯಾಮ್ ಸ್ಪೀಡ್ ಜಾಸ್ತಿ ಇಟ್ಟು ಸಿಕ್ಕಿಹಾಕಿಕೊಂಡವರಿಗೆ ಇದೇ ಮದ್ದು. ಆದರೆ ಮಾಡುವ ಮೊದಲು ಒಂದು ಎಚ್ಚರಿಕೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ಆನ್ ಇರುವ ಕಂಪ್ಯೂಟರ್ ಆಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ತಾವು ಅದನ್ನು ಆನ್ ಮಾಡಿದ್ದೇವೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಆ ಕೀ ಇದೆಯಾ ನೋಡಿಕೊಂಡೇ ಬ್ಯಾಟರಿಗೆ ಕೈಹಾಕಿ.

ಈಗ ಎಸ್‌ಎಂಪಿಎಸ್. ರಾತ್ರಿಯೆಲ್ಲ ಆಫ್ ಇದ್ದು ಬೆಳಿಗ್ಗೆ ಮೊದಲ ಸಲ ಬರುವುದಿಲ್ಲ, ಮೂರ್ನಾಲ್ಕು ಸಲ ಒತ್ತಿದ ಮೇಲೆ ಬರುತ್ತದೆ, ಒಮ್ಮೆ ಬಂದರೆ ಸಂಜೆವರೆಗೂ ತೊಂದರೆ ಇಲ್ಲ. ನಿಮ್ಮದು ಹೀಗಿದ್ದರೆ ನನ್ನ ಅನುಮಾನ ರ‍್ಯಾಮ್‌ನಿಂದ ಇತ್ತ ತಿರುಗುತ್ತದೆ. ಅದರೊಳಗಿನ ಹಳೆಯದಾದ ಕೆಪ್ಯಾಸಿಟರ್‌ಗಳು (ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು) ತಣ್ಣಗಿದ್ದಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ವೋಲ್ಟೇಜ್ ಸ್ಥಿರವಾಗುವುದಿಲ್ಲ, ಆ ‘ಎಲ್ಲ ಸರಿ ಇದೆ’ ಸಿಗ್ನಲ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಪ್ರೊಸೆಸರ್ ಏಳುವುದಿಲ್ಲ. ಸ್ವಲ್ಪ ಬಿಸಿಯಾದ ಮೇಲೆ ದಾರಿಗೆ ಬರುತ್ತವೆ. ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿ ಎಸ್‌ಎಂಪಿಎಸ್ ಪರೀಕ್ಷಿಸುವ ವಿಡಿಯೋಗಳು ಬೇಕಾದಷ್ಟಿವೆ. ಅದರಿಂದ ನಿಮಗೆ ಏನೂ ಉಪಯೋಗವಿಲ್ಲ. ಅದು ತೋರಿಸುವುದು ಫ್ಯಾನ್ ತಿರುಗುತ್ತದೆಯಾ ಅಂತ, ನಿಮ್ಮದು ಹೇಗೂ ತಿರುಗುತ್ತಿದೆ. ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೊಂದೇ ನಂಬುವ ಪರೀಕ್ಷೆ. ಹಾಕುವಾಗ ಅದರ ಜೊತೆ ಬಂದ ಕೇಬಲ್‌ಗಳನ್ನೇ ಬಳಸಿ. ಕನೆಕ್ಟರ್ ಒಂದೇ ಥರ ಕಂಡರೂ ಒಳಗಿನ ತಂತಿಯ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗುತ್ತದೆ. ಹಳೆಯದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. 230 ವೋಲ್ಟ್ ಕರೆಂಟ್ ಇರುವ ಕಡೆ ಅದರ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಇರುತ್ತದೆ, ಕಾರ್ಡ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಆನ್ ಆಗಿ ನಾಲ್ಕೈದು ಸೆಕೆಂಡಿಗೇ ಆಫ್ ಆಗುತ್ತಿದ್ದರೆ ಕ್ಯಾಬಿನೆಟ್‌ನ ಪವರ್ ಬಟನ್ ಒಳಗೇ ಸಿಕ್ಕಿಕೊಂಡಿದೆಯಾ ನೋಡಿ. ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಕಂಪ್ಯೂಟರ್ ಆಫ್ ಆಗಬೇಕು ಅನ್ನುವುದು ಅದರ ನಿಯಮವೇ ಅಲ್ವಾ. ಕೂಲರ್ ಸಡಿಲವಾಗಿ ಪ್ರೊಸೆಸರ್ ಕಾಯುವುದು ಇನ್ನೊಂದು ಕಾರಣ.

ಇಷ್ಟು ಹೊತ್ತು ಹೇಳಿದ್ದು ಲೋಗೋ ಬಾರದ ಕಂಪ್ಯೂಟರ್‌ಗೆ. ಲೋಗೋ ಬಂದು ಆಮೇಲೆ ನಿಂತರೆ ಕಥೆಯೇ ಬೇರೆ. ‘ಬೂಟ್ ಡಿವೈಸ್ ಇಲ್ಲ’ ಅಂದರೆ ಮೊದಲು ಪೆನ್‌ಡ್ರೈವ್ ಕೀಳಿ, ಬಯೋಸ್‌ಗೆ ಹೋಗಿ ಡಿಸ್ಕ್‌ನ ಹೆಸರು ಕಾಣುತ್ತಿದೆಯಾ ನೋಡಿ. ಕಾಣದಿದ್ದರೆ ಕೇಬಲ್ ಅಥವಾ ಡಿಸ್ಕ್. ಕಂಡರೆ ಬೂಟ್ ಕ್ರಮ ಅಥವಾ ಸೆಟ್ಟಿಂಗ್, ಬ್ಯಾಟರಿ ಸತ್ತು ಬದಲಾಗಿರಬಹುದು. ವಿಂಡೋಸ್ ಶುರುವಾಗಿ ನೀಲಿ ಪರದೆ ಬಂದರೆ ಹಾರ್ಡ್‌ವೇರ್‌ಗೆ ಏನೂ ಆಗದೆಯೂ ಇರಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಹೀಗೆ ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ಅವುಗಳಲ್ಲಿ ಎಷ್ಟೋ ಕಂಪ್ಯೂಟರ್‌ಗಳನ್ನು ಸೇಫ್ ಮೋಡ್‌ಗೆ (ತೀರಾ ಬೇಕಾದ ಭಾಗಗಳಷ್ಟೇ ಶುರುವಾಗುವ ವಿಂಡೋಸ್‌ಗೆ) ಹೋಗಿ ಒಂದೇ ಒಂದು ಫೈಲ್ ಅಳಿಸಿ ಸರಿಮಾಡಿದರು. ಅವುಗಳಿಗೆ ಫಾರ್ಮ್ಯಾಟ್ ಬೇಕಿರಲಿಲ್ಲ. ವಿಂಡೋಸ್ ಸತತವಾಗಿ ಎರಡು ಮೂರು ಸಲ ಶುರುವಾಗದೆ ನಿಂತರೆ ರಿಕವರಿ ಪರದೆ ತಾನೇ ಬರುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರಿ, ಇತ್ತೀಚಿನ ಅಪ್‌ಡೇಟ್ ತೆಗೆಯುವುದು, ಸಿಸ್ಟಮ್ ರಿಸ್ಟೋರ್, ಸೇಫ್ ಮೋಡ್ ಎಲ್ಲ ಸಿಗುತ್ತವೆ. ಹಾರ್ಡ್ ಡಿಸ್ಕ್ ‘ಟಿಕ್ ಟಿಕ್’ ಅಂತ ಒಂದೇ ಸಮನೆ ಬಡಿಯುತ್ತಿದ್ದರೆ ಮಾತ್ರ ಈ ಯಾವ ಪ್ರಯೋಗವೂ ಬೇಡ. ಆಫ್ ಮಾಡಿ, ಮೊದಲು ಡೇಟಾ ಉಳಿಸುವ ದಾರಿ ನೋಡಿ.

ನಿಮ್ಮ ಕಂಪ್ಯೂಟರ್‌ಗೆ ತಿರುಗಿ ಬಂದರೆ, ರ‍್ಯಾಮ್, ಕೇಬಲ್, ಬ್ಯಾಟರಿ, ಬೇರೆ ಎಸ್‌ಎಂಪಿಎಸ್ ಎಲ್ಲ ನೋಡಿದ ಮೇಲೂ ಬರದಿದ್ದರೆ ಉಳಿಯುವುದು ಮದರ್‌ಬೋರ್ಡ್ ಮತ್ತು ಪ್ರೊಸೆಸರ್. ಅವೆರಡರಲ್ಲಿ ಬೋರ್ಡ್ ಕೆಡುವುದೇ ಜಾಸ್ತಿ. ಅಷ್ಟಾದಾಗ ಸರ್ವಿಸ್‌ಗೆ ಕೊಡಿ. ಯಾವ ಎಲ್‌ಇಡಿ ಆರದೇ ಉಳಿಯುತ್ತದೆ, ಯಾವ ರ‍್ಯಾಮ್ ಯಾವ ಸ್ಲಾಟ್‌ನಲ್ಲಿ ಹಾಕಿ ನೋಡಿದಿರಿ, ತೊಂದರೆ ತಣ್ಣಗಿದ್ದಾಗಲೋ ಯಾವಾಗಲೂನೋ ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ. ಡಿಸ್ಕ್ ಬಿಚ್ಚಿಟ್ಟುಕೊಂಡೇ ಕೊಟ್ಟರೂ ನಡೆಯುತ್ತದೆ, ಲೋಗೋ ಬಾರದ ತೊಂದರೆ ಹುಡುಕಲು ಅವರಿಗೆ ಅದು ಬೇಕಾಗುವುದಿಲ್ಲ.