ಹಗುರ ಆಂಪ್ ತಗೊಂಡ್ರ ಸೌಂಡ್ ಸಣ್ಣ ಆಗ್ತದೇನ್ರಿ?

ಓದುಗರ ಪ್ರಶ್ನೆ: "ಅಣ್ಣಾರ, ನಮಸ್ಕಾರ್ರಿ. ನಾ ಹುಮನಾಬಾದ್ ಕಡಿಯಂವ. ಚರ್ಚಿನ್ಯಾಗ ಗಿಟಾರ್ ಬಾರಸ್ತೀನಿ, ಲಗ್ನದ ಆರ್ಕೆಸ್ಟ್ರಾಕ್ಕೂ ಹೋಗ್ತೀನಿ. ನನ್ನ ಹತ್ರ ಎರಡು ಸ್ಪೀಕರಿನ ವಾಲ್ವ್ ಆಂಪ್ ಅದ, ಮೂವತ್ತು ಕೆ.ಜಿ. ಹತ್ರ ತೂಗ್ತದ. ಬಸ್ಸಿಗಿ ಏರ್ಸೋದು, ಇಳ್ಸೋದು ಭಾಳ ತ್ರಾಸ್ ಆಗ್ಲಾಕತ್ತದ. ಹಗುರಂದು ತಗೊಂಡ್ರ ಸೌಂಡ್ ಸಣ್ಣ ಆಗ್ತದೇನ್ರಿ? ಇದನ್ನ ಮಾರಿಬಿಡ್ಲಾ?"

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಆಂಪ್ ಅಂದರೆ ಗಿಟಾರಿನ ದನಿ ಜೋರು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆ; ಅದರೊಳಗೆ ಹಳೆಯ ರೇಡಿಯೊದಲ್ಲಿದ್ದಂಥ ಗಾಜಿನ ಕೊಳವೆಗಳಿದ್ದರೆ ವಾಲ್ವ್ ಆಂಪ್. ಕಲಬುರಗಿಯ ಪ್ರಾಕ್ಟೀಸ್ ರೂಮಿನಲ್ಲಿ, ಬೀದರಿನ ಚರ್ಚಿನಲ್ಲಿ, ಯಾದಗಿರಿ ಕಡೆಯ ಲಗ್ನದ ಪೆಂಡಾಲಿನ ಹಿಂದೆ, ಎಲ್ಲಿ ನಾಲ್ಕು ಜನ ಗಿಟಾರಿನವರು ಕೂಡಿದರೂ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ. ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಗುರವಾದ ಮಾತ್ರಕ್ಕೆ ಸೌಂಡ್ ಸಣ್ಣದಾಗುವುದಿಲ್ಲ. ಸ್ಪೀಕರ್ ಮತ್ತು ಪೆಟ್ಟಿಗೆ ತೀರಾ ಚಿಕ್ಕದಾದಾಗ ದಪ್ಪ ತಂತಿಗಳ ತುಂಬುದನಿ ಹೋಗುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿದು ನಮ್ಮವರು ವರ್ಷಗಟ್ಟಲೆ ಸುಮ್ಮನೆ ಕಬ್ಬಿಣ ಹೊರುತ್ತಿದ್ದಾರೆ.

ತೂಕ ಇದ್ದಷ್ಟೂ ದನಿ ಜೋರು ಎಂದು ತಿಳಿದಿದ್ದರೆ ಈ ಲೆಕ್ಕ ನೋಡಿ. ಫೆಂಡರ್ ಟ್ವಿನ್ ರಿವರ್ಬ್‌ನ ಈಗಿನ ಮರುತಯಾರಿಕೆ 85 ವ್ಯಾಟಿನದು, ತೂಕ ಸುಮಾರು 29 ಕೆ.ಜಿ. ವಾಕ್ಸ್ ಎಸಿ30 ಬರೀ 30 ವ್ಯಾಟಿನದು, ಆದರೆ ಎರಡು ಸ್ಪೀಕರಿನ ಮಾದರಿ ಸುಮಾರು 32 ಕೆ.ಜಿ. ತೂಗುತ್ತದೆ. ವ್ಯಾಟ್ ಕಡಿಮೆ, ತೂಕ ಹೆಚ್ಚು. ಇನ್ನು ರೋಲ್ಯಾಂಡಿನ ಜೆಸಿ-120ರಲ್ಲಿ ಒಂದೂ ವಾಲ್ವ್ ಇಲ್ಲ, ಪೂರ್ತಿ ಟ್ರಾನ್ಸಿಸ್ಟರ್. ಅದೂ 28 ಕೆ.ಜಿ. ಹಾಗಾಗಿ "ವಾಲ್ವ್ ತೆಗೆದರೆ ಹಗುರ" ಎಂಬ ಮಾತೂ ಪೂರ್ತಿ ನಿಜವಲ್ಲ.

ನೀವು ಬಸ್ಸಿನ ಮಾತು ಹೇಳಿದಿರಿ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ನಿಮ್ಮ ಹುಮನಾಬಾದಿನಿಂದಲೂ ರೈಲು ಸಿಗುತ್ತದೆ. ಆದರೆ ಸೆಕೆಂಡ್ ಕ್ಲಾಸ್ ಟಿಕೆಟಿಗೆ ಪುಕ್ಕಟೆ ಒಯ್ಯಬಹುದಾದ ಸಾಮಾನು 35 ಕೆ.ಜಿ. ಆಂಪ್ 29, ಗಟ್ಟಿ ಪೆಟ್ಟಿಗೆಯಲ್ಲಿಟ್ಟ ಗಿಟಾರ್ ಒಂದು 8, ಪೆಡಲ್ ಮತ್ತು ವೈರುಗಳ ಚೀಲ 4-5 ಎಂದು ಹಿಡಿದರೆ ಆಗಲೇ ದಾಟಿತು. ಇಷ್ಟನ್ನು ಒಬ್ಬರೇ ಒಂದೇ ಸಲಕ್ಕೆ ಪ್ಲಾಟ್‌ಫಾರ್ಮಿಗೆ ತರಲಾಗದು. ಎರಡು ಸಲ ಓಡಾಡಬೇಕು, ಅಷ್ಟರಲ್ಲಿ ಅರ್ಧ ಸಾಮಾನಿನ ಮೇಲೆ ಕಣ್ಣಿಡುವವರು ಯಾರು?

ಬೆನ್ನಿನ ಮಾತು ಎಲ್ಲರೂ ಹೇಳುತ್ತಾರೆ. ನಾನು ಬೆರಳಿನ ಮಾತು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಫಂಕ್ಷನ್ ಹಾಲಿನಲ್ಲಿ ಎರಡನೇ ಮಹಡಿಯ ಮೇಲೆ ರಿಸೆಪ್ಷನ್ ಇತ್ತು. ಲಿಫ್ಟ್ ಕೆಟ್ಟಿತ್ತು. ಶಹಾಬಾದ್ ಕಲ್ಲಿನ ಮೆಟ್ಟಿಲು, ಅಂಚು ಸವೆದು ನುಣುಪಾಗಿತ್ತು. ಎರಡು ಸ್ಪೀಕರಿನ ಆಂಪನ್ನು ಎಡಗೈಯಲ್ಲಿ ಎತ್ತಿ ಹತ್ತಿದೆ. ಹಿಡಿಕೆಯ ಪಟ್ಟಿ ಬೆರಳುಗಳ ಬುಡಕ್ಕೆ ಒತ್ತಿ ಬಿಳಿ ಗೆರೆ ಬಿದ್ದಿತ್ತು. ಹತ್ತು ನಿಮಿಷದಲ್ಲಿ ಕಾರ್ಯಕ್ರಮ ಶುರು. ಮೊದಲ ಹಾಡಿನ ಬಾರ್ ಕಾರ್ಡ್, ಅಂದರೆ ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತುವ ಹಿಡಿತ, ಹಿಡಿದರೆ ಬೆರಳು ನಿಲ್ಲುತ್ತಿಲ್ಲ, ಮೊಣಕೈ ತನಕ ನಡುಕ. ಅರ್ಧ ತಂತಿ ಮೊಂಡಾಗಿ ಬಡಿದುಕೊಂಡವು. ನನ್ನ ಪಕ್ಕದಲ್ಲಿದ್ದ ಕೀಬೋರ್ಡಿನ ಹುಡುಗ "ಏನಾಯ್ತಣ್ಣಾ?" ಅಂತ ಕಣ್ಣಲ್ಲೇ ಕೇಳಿದ. ನಮ್ಮ ಎಪಿಎಂಸಿಯ ಹಮಾಲರು ತೊಗರಿ ಚೀಲ ಎತ್ತುತ್ತಾರೆ, ಅದು ಅವರ ವಿದ್ಯೆ; ಎತ್ತಿದ ಮೇಲೆ ಅವರು ತಂತಿ ಮೀಟಬೇಕಾಗಿಲ್ಲ. ನಮಗೆ ಹೊರುವ ಕೈಯೂ ಬಾರಿಸುವ ಕೈಯೂ ಒಂದೇ.

ಹಾಗಾದರೆ ಆ ತೂಕ ಇರುವುದೆಲ್ಲಿ? ವಾಲ್ವ್ ಆಂಪಿನ ಹಿಂಬದಿ ಬಿಚ್ಚಿದರೆ ಎರಡು ದಪ್ಪ ಗಟ್ಟಿಗಳು ಕಾಣುತ್ತವೆ. ಒಂದು ಮೇನ್ಸ್ ಟ್ರಾನ್ಸ್‌ಫಾರ್ಮರ್, ಇನ್ನೊಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಒಳಗೆ ಒಂದರ ಮೇಲೊಂದು ಜೋಡಿಸಿದ ಕಬ್ಬಿಣದ ತಗಡು, ಅದಕ್ಕೆ ಸುತ್ತಿದ ತಾಮ್ರ. ವಾಲ್ವಿಗೆ ಮುನ್ನೂರು ನಾನೂರು ವೋಲ್ಟ್ ಬೇಕು, ಅದನ್ನು ಮೊದಲನೆಯದು ಕೊಡುತ್ತದೆ. ವಾಲ್ವ್ ಕೊಡುವುದು ಹೆಚ್ಚು ವೋಲ್ಟ್, ಕಡಿಮೆ ಕರೆಂಟ್. 8 ಓಮಿನ ಸ್ಪೀಕರ್ ಕೇಳುವುದು ಕಡಿಮೆ ವೋಲ್ಟ್, ಹೆಚ್ಚು ಕರೆಂಟ್. ನಡುವೆ ಗೇರ್ ಬದಲಿಸುವ ಕೆಲಸ ಎರಡನೆಯದರದು.

ಮೇನ್ಸ್ ಟ್ರಾನ್ಸ್‌ಫಾರ್ಮರ್ ಯಾಕಿಷ್ಟು ದಪ್ಪ ಎಂಬುದನ್ನು ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ನೋಡಬಹುದು. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವಲ್ಲಿ ಹಿಂದೆ ಗಾಲಿ ಹಚ್ಚಿದ ದೊಡ್ಡ ಮಷಿನ್ ಇರುತ್ತಿತ್ತು, ಎಳೆಯಲು ಇಬ್ಬರು ಬೇಕು. ಈಗ ಹುಡುಗ ಹೆಗಲಿಗೆ ಪಟ್ಟಿ ಹಾಕಿಕೊಂಡು ಇನ್ವರ್ಟರ್ ಮಷಿನ್ ತರುತ್ತಾನೆ, ಅದೇ ಕಬ್ಬಿಣ ಬೆಸೆಯುತ್ತದೆ. ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಅತ್ತಿತ್ತ ತುಯ್ಯುತ್ತದೆ. ಒಂದೊಂದು ತುಯ್ತವೂ ನಿಧಾನ, ಅಷ್ಟು ಹೊತ್ತು ಕಾಂತಶಕ್ತಿ ಹಿಡಿದಿಡಲು ಹೆಚ್ಚು ಕಬ್ಬಿಣ ಬೇಕು. ಆ ಇನ್ವರ್ಟರ್ ಮಷಿನಿನಲ್ಲೂ ಹಗುರ ಆಂಪುಗಳಲ್ಲೂ ಇರುವ ಸ್ವಿಚಿಂಗ್ ಸಪ್ಲೈ ಅದೇ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕೊಡುತ್ತದೆ. ಪ್ರತಿ ಸಲ ಹಿಡಿದಿಡಬೇಕಾದದ್ದು ತೀರಾ ಸ್ವಲ್ಪ, ಆದ್ದರಿಂದ ಅಂಗೈಯಷ್ಟು ಟ್ರಾನ್ಸ್‌ಫಾರ್ಮರ್ ಸಾಕು.

ಇದರ ಜೊತೆಗೆ ಬಂದದ್ದು ಕ್ಲಾಸ್-ಡಿ ಆಂಪ್ಲಿಫೈಯರ್. ಹಳೆಯ ಟ್ರಾನ್ಸಿಸ್ಟರ್ ಆಂಪುಗಳು ಅರ್ಧಕ್ಕರ್ಧ ಶಕ್ತಿಯನ್ನು ಶಾಖ ಮಾಡಿ ಕಳೆಯುತ್ತವೆ, ಆ ಶಾಖ ಹೊರಹಾಕಲು ಅಲ್ಯೂಮಿನಿಯಂ ಹಲ್ಲುಗಳ ಗಟ್ಟಿ ಬೇಕು. ಕ್ಲಾಸ್-ಡಿ ಪೂರ್ತಿ ಆನ್ ಇಲ್ಲವೇ ಪೂರ್ತಿ ಆಫ್ ಆಗುತ್ತ ಕೆಲಸ ಮಾಡುವುದರಿಂದ ತೆಗೆದುಕೊಂಡ ಶಕ್ತಿಯ ಶೇ. 90ರ ಹತ್ತಿರ ಸ್ಪೀಕರಿಗೇ ಹೋಗುತ್ತದೆ. ಏಪ್ರಿಲ್-ಮೇ ತಿಂಗಳ ಕಲಬುರಗಿಯಲ್ಲಿ ಬಾರಿಸಿದವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಉಳಿದ ತೂಕ ಸ್ಪೀಕರಿನದು, ಪೆಟ್ಟಿಗೆಯದು. ಸೆಲೆಸ್ಟಿಯನ್ ವಿಂಟೇಜ್ 30 ಎಂಬ 12 ಇಂಚಿನ ಸ್ಪೀಕರ್ ಒಂದೇ 4.7 ಕೆ.ಜಿ.; ಅದೇ ಕಂಪನಿಯ ಅದೇ ಅಳತೆಯ ನಿಯೋ ಕ್ರೀಮ್‌ಬ್ಯಾಕ್ 1.9 ಕೆ.ಜಿ. ವ್ಯತ್ಯಾಸ ಅಯಸ್ಕಾಂತದ್ದು. 1980ರ ದಶಕದಲ್ಲಿ ಬಳಕೆಗೆ ಬಂದ ನಿಯೋಡೈಮಿಯಂ ಅಯಸ್ಕಾಂತ ಬಿಸ್ಕತ್ತಿನಷ್ಟಿದ್ದರೂ ತಟ್ಟೆಯಷ್ಟು ದೊಡ್ಡ ಹಳೆಯ ಫೆರೈಟ್ ಅಯಸ್ಕಾಂತದ ಕೆಲಸ ಮಾಡುತ್ತದೆ. ಪೆಟ್ಟಿಗೆ ಎಂಡಿಎಫ್ ಹಲಗೆಯದಾದರೆ ಭಾರ, ಪೈನ್ ಮರದ್ದಾದರೆ ಹಗುರ. ಇವೆಲ್ಲ ಸೇರಿದರೆ ಎಲ್ಲಿಗೆ ಬರುತ್ತದೆ ಎಂಬುದಕ್ಕೆ ಫೆಂಡರ್ 2019ರಲ್ಲಿ ತಂದ ಟೋನ್ ಮಾಸ್ಟರ್ ಟ್ವಿನ್ ಸಾಕ್ಷಿ. ಅದೇ ಅಗಲ, ಅದೇ ಎರಡು 12 ಇಂಚಿನ ಸ್ಪೀಕರ್, ವಾಲ್ವಿನ ಬದಲು ಡಿಜಿಟಲ್. ತೂಕ ಸುಮಾರು 15 ಕೆ.ಜಿ., ಹಳೆಯದರ ಅರ್ಧ.

ಈಗ ಜೋರಿನ ಮಾತು. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ವ್ಯಾಟ್ ಹತ್ತು ಪಟ್ಟು ಬೇಕು. ಅಂದರೆ 15 ವ್ಯಾಟಿನದಕ್ಕೂ 30ರದಕ್ಕೂ ಸ್ಟೇಜ್ ಮೇಲೆ ಅಂಥ ದೊಡ್ಡ ಅಂತರವಿಲ್ಲ. ಒಂದು ವ್ಯಾಟಿಗೆ ಎಷ್ಟು ಜೋರು ಎಂಬ ಅಂಕಿ ಪ್ರತಿ ಸ್ಪೀಕರಿಗೂ ಇರುತ್ತದೆ; 97 ಡೆಸಿಬೆಲ್ ಸ್ಪೀಕರ್ ತೆಗೆದು 100 ಡೆಸಿಬೆಲಿನದು ಹಾಕಿದರೆ ಆಂಪನ್ನೇ ಎರಡು ಪಟ್ಟು ಮಾಡಿದಂತೆ. ಕೊಳ್ಳುವಾಗ ಅಂಗಡಿಯವರಿಗೆ ವ್ಯಾಟ್ ಕೇಳುವ ನಮ್ಮವರು ಈ ಅಂಕಿ ಕೇಳುವುದನ್ನು ನಾನು ಕಂಡಿದ್ದೇ ಕಡಿಮೆ.

ಕಳೆದುಕೊಳ್ಳುವುದು ಎಲ್ಲಿ ಎಂದರೆ, ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 82 ಸಲ ಅದುರಿ, ಮೊಳಗುತ್ತದೆ. ಆರು ಇಂಚಿನ ಸ್ಪೀಕರ್, ಟಿಫಿನ್ ಡಬ್ಬಿಯಂಥ ಪೆಟ್ಟಿಗೆ ಅಷ್ಟು ಗಾಳಿ ತಳ್ಳಲಾರವು. ದನಿ ಕೇಳುತ್ತದೆ, ಮೈ ಇರುವುದಿಲ್ಲ. ಆದ್ದರಿಂದ ಡ್ರಮ್ಸ್ ಇರುವ ಕಾರ್ಯಕ್ರಮಕ್ಕೆ 10 ಅಥವಾ 12 ಇಂಚಿನ ಒಂದು ಸ್ಪೀಕರಿಗಿಂತ ಕೆಳಗೆ ಇಳಿಯಬೇಡಿ ಎಂಬುದು ನನ್ನ ಮಾತು. ಬಾಸ್ ಎಂಬ ಕಂಪನಿಯ ಕಟಾನಾ 50ರಂಥ ಆಂಪ್ ಹನ್ನೆರಡು ಕೆ.ಜಿ.ಯೊಳಗೆ ಬರುತ್ತದೆ, 12 ಇಂಚಿನ ಸ್ಪೀಕರೂ ಇದೆ. ಬೆನ್ನಿಗೆ ಗಿಟಾರ್, ಒಂದು ಕೈಯಲ್ಲಿ ಅದು, ಇನ್ನೊಂದು ಕೈ ಬಸ್ಸಿನ ಕಂಬಿಗೆ. ಗಾಲಿ ಹಚ್ಚಿಸಿದರಾಯಿತು ಅಂತ ಕೆಲವರು ಹೇಳುತ್ತಾರೆ. ಜಾತ್ರೆಯ ಎರೆಮಣ್ಣಿನ ಮೈದಾನದಲ್ಲಿ ಗಾಲಿ ಉರುಳುವುದಿಲ್ಲ, ಕಲ್ಲುದಾರಿಯ ಕುಲುಕಾಟಕ್ಕೆ ವಾಲ್ವುಗಳು ಸಾಕೆಟ್ ಬಿಟ್ಟು ಸಡಿಲಾಗುತ್ತವೆ.

ಇನ್ನೊಂದು ದಾರಿ, ಆಂಪನ್ನೇ ಬಿಟ್ಟು ಹೋಗುವುದು. ಲಗ್ನದಲ್ಲಿ ಜನರಿಗೆ ದನಿ ಮುಟ್ಟಿಸುವುದು ಮೈಕ್‌ಸೆಟ್ಟಿನವರ ದೊಡ್ಡ ಬಾಕ್ಸ್. ನಿಮ್ಮ ಆಂಪ್ ನಿಮಗೆ ಕೇಳಿದರೆ ಸಾಕು. ಸ್ಪೀಕರಿನ ದನಿಯನ್ನೂ ಅನುಕರಿಸುವ ಒಂದು ಕೆ.ಜಿ. ಆಸುಪಾಸಿನ ಪೆಡಲ್ ಸಾಧನಗಳು ಈಗ ಸಾಕಷ್ಟಿವೆ. ಆ ಅನುಕರಣೆ ಇಲ್ಲದ ಡಿಸ್ಟಾರ್ಷನ್ ಪೆಡಲನ್ನು ನೇರ ಮಿಕ್ಸರಿಗೆ ಚುಚ್ಚಬೇಡಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನದನ್ನು ತಾನೇ ಕತ್ತರಿಸುತ್ತದೆ. ಅದು ನಡುವೆ ಇಲ್ಲದಿದ್ದರೆ ಬಾಟಲಿಯಲ್ಲಿ ಕಣಜ ಕೂಡಿಹಾಕಿದ ಹಾಗೆ ಕೇಳುತ್ತದೆ. ಪೆಡಲಿನ ದನಿಯನ್ನು ಮಿಕ್ಸರಿಗೆ ಹೊಂದಿಸಿ ಕಳಿಸುವ ಸಣ್ಣ ಡಬ್ಬಿ, ಡಿಐ ಬಾಕ್ಸ್, ಹಳ್ಳಿಯ ಮೈಕ್‌ಸೆಟ್ಟಿನವರ ಹತ್ತಿರ ಸಿಗುತ್ತದೆಂದು ನಂಬಿ ಹೋಗಬೇಡಿ. ಅದನ್ನೂ ಒಂದು ಉದ್ದನೆಯ ಮೈಕ್ ವೈರನ್ನೂ ಸ್ವಂತ ಇಟ್ಟುಕೊಳ್ಳಿ. ಜನರೇಟರ್ ಹಚ್ಚಿದ ರಾತ್ರಿ ಗುಂಯ್ ಎನ್ನುವ ಸದ್ದು ಬಂದರೆ ಡಿಐ ಮೇಲಿನ ಗ್ರೌಂಡ್ ಸ್ವಿಚ್ ಬದಲಿಸಿ ನೋಡಿ. ಆಂಪಿನ ಪ್ಲಗ್ಗಿನ ಮೂರನೇ ಪಿನ್ನನ್ನು, ಅಂದರೆ ಅರ್ಥಿಂಗ್ ಪಿನ್ನನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ, ಅದು ಜೀವದ ವಿಷಯ.

ಹಗುರದ್ದರಲ್ಲಿ ಒಂದು ನಿಜವಾದ ಕೊರತೆ ಇದೆ, ಅದನ್ನು ಮುಚ್ಚಿಡಲಾರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಟೇಬಲಿನ ಮೇಲೆ ನನ್ನ ಎರಡೂ ಆಂಪುಗಳನ್ನು ಬಿಚ್ಚಿಟ್ಟಿದ್ದೆ. ವಾಲ್ವಿನದರೊಳಗೆ ಬೆಳಕು ಹಿಡಿದು ಉಬ್ಬಿದ ಕೆಪಾಸಿಟರ್ ತೋರಿಸಿ, ಬೆಸುಗೆ ಹಾಕಿ ಅರ್ಧ ಗಂಟೆಯಲ್ಲಿ ಕೈಗೆ ಕೊಟ್ಟರು. ಹಗುರದ್ದರ ಬೋರ್ಡ್ ಮೇಲೆ ಸಾಸಿವೆಯಂಥ ಭಾಗಗಳು. ಭೂತಗನ್ನಡಿ ತೆಗೆದು ಬದಿಗಿಟ್ಟು, "ಇದರಾಗ ನಾ ಏನ್ ಹುಡುಕ್ಲೋ ಮಾರಾಯಾ, ಬೋರ್ಡೇ ಬದಲ್ ಮಾಡ್ಬೇಕು" ಅಂದರು. ಹಾಗೆ ಬೋರ್ಡ್ ತರಿಸಲು ಹೈದರಾಬಾದೋ ಬೆಂಗಳೂರೋ ನೋಡಬೇಕು, ಅಷ್ಟು ದಿನ ಕಾರ್ಯಕ್ರಮ ನಿಲ್ಲುತ್ತದೆ. ಆದ್ದರಿಂದ ವಾರಂಟಿ ಮತ್ತು ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೇಳದೆ ಹಗುರದ್ದಕ್ಕೆ ದುಡ್ಡು ಕೊಡಬೇಡಿ. ಬ್ಯಾಟರಿಯಿಂದ ನಡೆಯುವುದಾದರೆ ಬೇಸಿಗೆಯ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಕೂಡಬೇಡಿ, ಲಿಥಿಯಂ ಬ್ಯಾಟರಿಗೆ ಆ ಕಾವು ಆಗದು.

ಇನ್ನು ಕೊನೆಯ ಪ್ರಶ್ನೆ, ಮಾರುವುದೋ ಬಿಡುವುದೋ. ನಾನಾಗಿದ್ದರೆ ಮಾರುತ್ತಿರಲಿಲ್ಲ. ವಾಲ್ವ್ ಆಂಪಿಗೆ ಹಚ್ಚಿದ ಗಿಟಾರನ್ನು ಮೆಲ್ಲಗೆ ಮೀಟಿದರೆ ತಿಳಿಯಾಗಿ, ಒತ್ತಿ ಮೀಟಿದರೆ ಸ್ವಲ್ಪ ಗಡಸಾಗಿ ಉತ್ತರ ಕೊಡುವ ಆ ಗುಣ ಬೆರಳಿಗೆ ಗೊತ್ತಾಗುತ್ತದೆ, ಅದಕ್ಕೆ ಸಮನಾದದ್ದು ನನಗಿನ್ನೂ ಸಿಕ್ಕಿಲ್ಲ. ಚರ್ಚಿನ ಹಿರಿಯರನ್ನು ಕೇಳಿ ಅದನ್ನು ಅಲ್ಲೇ ಒಂದು ಮೂಲೆಯಲ್ಲಿ ಇಟ್ಟುಬಿಡಿ, ವಾರವಾರ ಬಾರಿಸಲು ಸಿಗುತ್ತದೆ, ಎತ್ತುವ ಕೆಲಸವಿಲ್ಲ. ತಿರುಗಾಟಕ್ಕೆ ಬೇರೆ ಹಗುರದ್ದು ನೋಡಿ. ಅಂಗಡಿಗೆ ಹೋಗುವಾಗ ನಿಮ್ಮ ಗಿಟಾರ್ ಬೆನ್ನಿಗಿರಲಿ. ಮೆಚ್ಚಿದ ಆಂಪನ್ನು ಒಂದೇ ಕೈಯಲ್ಲಿ ಎತ್ತಿ, ಎರಡು ಮಹಡಿ ಹತ್ತಿ ಇಳಿದು ಬನ್ನಿ. ಬಂದವರೇ ಕೂತು, ಸುಧಾರಿಸಿಕೊಳ್ಳದೆ, ಮೊದಲ ಫ್ರೆಟ್ಟಿನಲ್ಲಿ ಎಫ್ ಬಾರ್ ಕಾರ್ಡ್ ಹಿಡಿದು ಆರೂ ತಂತಿ ಒಂದೊಂದಾಗಿ ಮೀಟಿ. ಆರೂ ಸ್ಪಷ್ಟವಾಗಿ ಕೇಳಿದರೆ ಬಿಲ್ ಮಾಡಿಸಿ.