ಮಾತ್ರೆ ಮೈಗೆ ಆಗದಿದ್ದರೆ ಹೊಣೆ ಯಾರದು?

ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್. ಎರಡೂ ಒಳ್ಳೆಯ ಔಷಧಗಳೇ. ಆದರೆ ಎಲ್ಲೋ ಕೆಲವರಿಗೆ ಇವುಗಳಿಂದ ಮೈಯೆಲ್ಲ ಬೊಬ್ಬೆ ಎದ್ದು ಚರ್ಮ ಕಿತ್ತು ಬರುತ್ತದೆ. ಜೀವಕ್ಕೇ ಅಪಾಯ. ಮೂಡಿಗೆರೆ ಕಡೆಯ ತೋಟದ ಲೈನ್ ಮನೆಯಲ್ಲಿ ಇಂಥದ್ದಾದರೆ ಮೊದಲು ಚಿಕ್ಕಮಗಳೂರಿಗೆ ಓಡುತ್ತಾರೆ, ಅಲ್ಲಿಂದ ಹಾಸನಕ್ಕೋ ಮಂಗಳೂರಿಗೋ. ಒಡವೆ ಅಡವಿಟ್ಟು ಬಿಲ್ ಕಟ್ಟುತ್ತಾರೆ. ಕೊನೆಗೆ 'ಮಾತ್ರೆ ಮೈಗೆ ಆಗಲಿಲ್ಲ, ನಮ್ಮ ಗ್ರಹಚಾರ' ಅಂತ ಸುಮ್ಮನಾಗುತ್ತಾರೆ. ಪರಿಹಾರ ಕೇಳಬಹುದಾ, ಯಾರನ್ನು ಕೇಳಬೇಕು ಎಂಬ ಮಾತೇ ಏಳುವುದಿಲ್ಲ. ಇದಕ್ಕೆ ಜನರ ತಿಳಿವಳಿಕೆಯನ್ನು ದೂರುವುದು ತಪ್ಪು. ನಮ್ಮ ಕಾನೂನೇ ಈ ವಿಷಯಕ್ಕೆ ಬಹಳ ತಡವಾಗಿ ಬಂತು.

ಶುರುವಾದದ್ದು ಕ್ವಿನೈನ್‌ನಿಂದ. ಚಳಿಜ್ವರ (ಮಲೇರಿಯಾ), ಜ್ವರಗಡ್ಡೆ ಅಂದರೆ ಏನೆಂದು ಮಲೆನಾಡಿನ ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕಿದ್ದ ದೊಡ್ಡ ಮದ್ದು ಕ್ವಿನೈನ್. 1920ರ ದಶಕದಲ್ಲಿ ಕಲಬೆರಕೆ ಕ್ವಿನೈನ್ ಬಗ್ಗೆ ದೇಶದಲ್ಲಿ ಗಲಾಟೆ ಎದ್ದಿತು. 1930ರಲ್ಲಿ ಬ್ರಿಟಿಷ್ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಸಮಿತಿಯನ್ನು ನೇಮಿಸಿತು. ಅದರ ಫಲವೇ 1940ರ ಔಷಧ ಕಾಯ್ದೆ. ಹುಟ್ಟಿದ ಕಾರಣ ಅದಾದ್ದರಿಂದ ಕಾಯ್ದೆಯ ಕಣ್ಣೆಲ್ಲ ಕಲಬೆರಕೆ ಮತ್ತು ಗುಣಮಟ್ಟದ ಮೇಲೆ. ತಪ್ಪು ಮಾಡಿದವರಿಗೆ ಜೈಲು, ದಂಡ. ನಕಲಿ ಅಥವಾ ಕಲಬೆರಕೆ ಔಷಧದ ಕೇಸಿನಲ್ಲಿ ವಸೂಲಾದ ದಂಡವನ್ನು ಅದನ್ನು ಬಳಸಿದವರಿಗೇ ಕೊಡಬೇಕು ಎಂದು ಸೇರಿಸಿದ್ದು 2008ರ ತಿದ್ದುಪಡಿಯಲ್ಲಿ. ಅಸಲಿ ಮಾತ್ರೆಯೇ ಹಾನಿ ಮಾಡಿದರೆ? ಅದಕ್ಕೆ ಅಲ್ಲಿ ಉತ್ತರವಿಲ್ಲ.

ಜಪಾನಿನಲ್ಲಿ ಈ ಪ್ರಶ್ನೆ ಬೀದಿಗೆ ಬಂತು. ಭೇದಿಗೆ ಕೊಡುತ್ತಿದ್ದ ಕ್ಲಿಯೋಕ್ವಿನಾಲ್ ಔಷಧದಿಂದ ಸಾವಿರಾರು ಜನರ ನರಗಳು ಹಾಳಾದವು. ಎಷ್ಟೋ ಜನ ನಡೆಯಲಾಗದೆ, ಕಣ್ಣು ಕಾಣದೆ ಕೂತರು. 1970ರಲ್ಲಿ ಅಲ್ಲಿನ ಸರ್ಕಾರ ಮಾರಾಟ ನಿಲ್ಲಿಸಿತು. ಜನ ಕೋರ್ಟಿಗೆ ಹೋದರು. 1980ರ ಹೊತ್ತಿಗೆ ಒಂದು ನಿಧಿಯೇ ಶುರುವಾಯಿತು. ಸರಿಯಾದ ಔಷಧವನ್ನು ಸರಿಯಾಗಿ ತೆಗೆದುಕೊಂಡೂ ದೊಡ್ಡ ಹಾನಿಯಾದರೆ ಆ ನಿಧಿಯಿಂದ ಪರಿಹಾರ ಸಿಗುತ್ತದೆ. ಯಾರದೋ ತಪ್ಪು ಎಂದು ಸಾಬೀತು ಮಾಡಬೇಕಿಲ್ಲ. ಹಣ ಹಾಕುವುದು ಔಷಧ ಕಂಪನಿಗಳು.

ನಮ್ಮಲ್ಲಿ ದಾರಿ ಬೇರೆ ಕಡೆ ತಿರುಗಿತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ದುಡ್ಡು ಪಡೆದು ಕೊಡುವ ವೈದ್ಯಸೇವೆಯೂ ಅದರೊಳಗೆ ಬರುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಂದ ಮುಂದೆ ಔಷಧದಿಂದ ಹಾನಿಯಾದರೂ ಕೇಸು ಬೀಳುತ್ತಿದ್ದದ್ದು ಡಾಕ್ಟರ್ ಮತ್ತು ಆಸ್ಪತ್ರೆಯ ಮೇಲೆ.

ಮುಂಬೈನ ಒಂದು ಕೇಸು ನೋಡಿ. ಕಿಡ್ನಿ ತೊಂದರೆಯ ಜೊತೆಗೆ ಸೋಂಕೂ ಇದ್ದ ಒಬ್ಬರಿಗೆ 1991ರಲ್ಲಿ ಅಮಿಕಾಸಿನ್ ಇಂಜೆಕ್ಷನ್ ಕೊಟ್ಟರು. ಕಿವಿಗೆ ಪೆಟ್ಟು ಕೊಡಬಲ್ಲ ಔಷಧ ಅದು. ಅದರಿಂದಲೇ ಕಿವಿ ಹೋಯಿತು ಎಂದು ಅವರು ದೂರು ಕೊಟ್ಟರು. ರಾಷ್ಟ್ರೀಯ ಗ್ರಾಹಕ ಆಯೋಗ ಪರಿಹಾರ ಕೊಡಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸೋಂಕು ಜೀವಕ್ಕೇ ಕುತ್ತು ತರುವಂತಿತ್ತು, ಡಾಕ್ಟರ್ ತಪ್ಪು ಮಾಡಿಲ್ಲ ಎಂದಿತು. ಡಾಕ್ಟರ್ ಮಟ್ಟಿಗೆ ಅದು ನ್ಯಾಯವೇ ಇರಬಹುದು. ಆದರೆ ಕಿವಿ ಕೇಳದ ಆ ಮನುಷ್ಯನ ಪಾಡು?

ಕೋಲ್ಕತ್ತದ ಕೇಸು ಇದಕ್ಕೆ ವಿರುದ್ಧ. 1998ರಲ್ಲಿ ಅನುರಾಧಾ ಸಹಾ ಅವರ ಚರ್ಮದ ತೊಂದರೆಗೆ ಡೆಪೋ ಮೆಡ್ರಾಲ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ದಿನಕ್ಕೆರಡು ಸಲ 80 ಮಿಲಿಗ್ರಾಂ, ಅಂದರೆ ಅತಿಯಾದ ಪ್ರಮಾಣದಲ್ಲಿ, ಬರೆಯಲಾಗಿತ್ತು. ಅವರು ಉಳಿಯಲಿಲ್ಲ. ಗಂಡ ಕುನಾಲ್ ಸಹಾ ಸ್ವತಃ ಡಾಕ್ಟರ್. 15 ವರ್ಷ ಪಟ್ಟು ಬಿಡದೆ ಹೋರಾಡಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 5.96 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಲು ಹೇಳಿತು. ವೈದ್ಯಶಾಸ್ತ್ರ ಗೊತ್ತಿದ್ದವರಿಗೇ ಅಷ್ಟು ವರ್ಷ ಹಿಡಿಯಿತು.

ಕಂಪನಿಯನ್ನೇ ನೇರವಾಗಿ ಕೇಳುವ ದಾರಿ ಸ್ಪಷ್ಟವಾಗಿ ತೆರೆದದ್ದು 2020ರ ಜುಲೈನಲ್ಲಿ, 2019ರ ಹೊಸ ಗ್ರಾಹಕ ಕಾಯ್ದೆ ಜಾರಿಯಾದಾಗ. ತಯಾರಿಕೆಯಲ್ಲಿ ದೋಷ ಇದ್ದರೆ, ಎಚ್ಚರಿಕೆ ಸರಿಯಾಗಿ ಕೊಡದಿದ್ದರೆ ತಯಾರಕರೇ ಹೊಣೆ. ಇನ್ನೊಂದು ಅನುಕೂಲವೂ ಬಂತು. ಮೊದಲು ಮಂಗಳೂರಿನಲ್ಲಿ ಚಿಕಿತ್ಸೆ ಆಗಿದ್ದರೆ ದೂರಿಗೂ ಘಾಟಿ ಇಳಿಯಬೇಕಿತ್ತು. ಈಗ ನಾವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಚಿಕ್ಕಮಗಳೂರಿನ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಔಷಧಕ್ಕೋ ಚಿಕಿತ್ಸೆಗೋ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಎರಡು ವರ್ಷದೊಳಗೆ ಕೊಡಬೇಕು.

ಇದೇ ಕಾಯ್ದೆಯ 87ನೇ ಸೆಕ್ಷನ್ ನನಗೆ ಇವತ್ತಿಗೂ ಸಂಕಟ ತರುತ್ತದೆ. ಪರಿಣತರ ಉಸ್ತುವಾರಿಯಲ್ಲೇ ಬಳಸಬೇಕಾದ ವಸ್ತುವಾಗಿದ್ದು, ಕಂಪನಿ ಆ ಪರಿಣತರಿಗೆ ಎಚ್ಚರಿಕೆ ತಲುಪಿಸಿದ್ದರೆ, 'ಎಚ್ಚರಿಸಲಿಲ್ಲ' ಎಂಬ ದೂರು ನಿಲ್ಲುವುದಿಲ್ಲ. ಡಾಕ್ಟರ್ ಚೀಟಿಯ ಮೇಲೆ ಸಿಗುವ ಮಾತ್ರೆಗಳಿಗೆ ಇದು ಸರಿಯಾಗಿ ಹೊಂದುತ್ತದೆ, ಅಲ್ವಾ? ಡಾಕ್ಟರಿಗೆ ಹೇಳಿದ್ದೇವೆ ಎಂದು ಕಂಪನಿ ಕೈ ತೊಳೆದುಕೊಳ್ಳಬಹುದು. ಡಾಕ್ಟರ್ ಪದ್ಧತಿ ಪ್ರಕಾರವೇ ಬರೆದಿದ್ದರೆ ಅವರೂ ತಪ್ಪಿತಸ್ಥರಲ್ಲ. ನಡುವೆ ಉಳಿಯುವುದು ರೋಗಿ.

ಇನ್ನು ಸಾಕ್ಷಿಯ ಕಥೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ನಾಲ್ಕು ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರ್ ಇರುವ ತುದಿ ಎಷ್ಟೋ ಸಲ ಅಂಗಡಿಯ ಡಬ್ಬದಲ್ಲೇ ಉಳಿಯುತ್ತದೆ. ಬಿಲ್ಲು ಕೇಳಿದರೆ 'ಬೇಕಾ?' ಅನ್ನುತ್ತಾರೆ. ಬೇಕು ಅನ್ನಿ. ನಿಯಮದ ಪ್ರಕಾರ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲೇಬೇಕು. ಅದಿಲ್ಲದೆ ಯಾವ ಕಂಪನಿಯ ಯಾವ ಮಾತ್ರೆ ಎಂದು ತೋರಿಸುವುದು ಬಹಳ ಕಷ್ಟ. ಆಸ್ಪತ್ರೆಯ ದಾಖಲೆಯನ್ನು ರೋಗಿ ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮ ಹೇಳುತ್ತದೆ. ಅಲ್ಲಿ ಅದನ್ನು ಇಟ್ಟಿರಬೇಕಾದದ್ದು ಮೂರು ವರ್ಷ. ಅಡ್ಡಪರಿಣಾಮವನ್ನು 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿಯೂ ತಿಳಿಸಬಹುದು. ಅದರಿಂದ ಪರಿಹಾರ ಸಿಗುವುದಿಲ್ಲ. ಆದರೆ ಇಂಥ ವರದಿಗಳು ಸೇರಿದರೇ ಔಷಧದ ಮೇಲೆ ಹೊಸ ಎಚ್ಚರಿಕೆ ಬರುವುದು.

ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ಸೇವೆ 1995ರ ತೀರ್ಪಿನ ಪ್ರಕಾರ ಗ್ರಾಹಕ ಕಾಯ್ದೆಯ ಹೊರಗೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಸರ್ಕಾರ ಮೊದಲು 2 ಲಕ್ಷ, ಆಮೇಲೆ 5 ಲಕ್ಷ ಎಂದಿತು. ಆ ಮೊತ್ತ ಸರ್ಕಾರದ ತೀರ್ಮಾನವೇ ಹೊರತು ಕಾನೂನು ಬರೆದಿಟ್ಟ ಹಕ್ಕಲ್ಲ. ಅಂಥವರಿಗೆ ಉಳಿದಿರುವುದು ಹೈಕೋರ್ಟ್, ಸಿವಿಲ್ ಕೋರ್ಟ್, ಮಾನವ ಹಕ್ಕು ಆಯೋಗ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅದರ ಸಹಾಯವಾಣಿ 15100.