ಕಣ್ಣಿನ ಕೆಳಗೆ ಊತ, ಕಾರಣ ದವಡೆಯಲ್ಲಿ

"ಮೂಳೆ ಹಾಕ್ತೀವಲ್ಲ ಡಾಕ್ಟ್ರೇ, ಕಡಿದ್ರೆ ಹಲ್ಲು ತಾನಾಗೇ ಕ್ಲೀನ್ ಆಗತ್ತೆ." ನಾಯಿಯ ಹಲ್ಲು ಉಜ್ಜುತ್ತೀರಾ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಕೊಡುವ ಉತ್ತರ ಇದು. ಬೇಯಿಸಿದ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ ಎಂಬುದು ಈಗ ಬಹುತೇಕರಿಗೆ ಗೊತ್ತು. ಹಾಗಾಗಿ ಹಸಿಯದನ್ನು ಹುಡುಕಿ ತರುತ್ತಾರೆ. ಹಸಿ ಮೂಳೆ ಅಷ್ಟು ಸುಲಭವಾಗಿ ಚೂರಾಗುವುದಿಲ್ಲ, ನಿಜ, ಚೂರಾಗುವುದು ಹಲ್ಲು.

ಮುರಿಯುವುದು ಹೆಚ್ಚಾಗಿ ಒಂದೇ ಹಲ್ಲು: ಮೇಲ್ದವಡೆಯ ನಾಲ್ಕನೇ ಪ್ರೀಮೋಲಾರ್, ಅಂದರೆ ಕೋರೆಹಲ್ಲಿಗೂ ಹಿಂದಿನ ದವಡೆ ಹಲ್ಲಿಗೂ ನಡುವಿನ ಸಾಲಿನದು. ಪಕ್ಕದಿಂದ ತುಟಿ ಎತ್ತಿದರೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಅದೂ ಕೆಳದವಡೆಯ ಮೊದಲ ಮೋಲಾರೂ (ಹಿಂದಿನ ದವಡೆ ಹಲ್ಲು) ಸೇರಿ ಅಡಕತ್ತರಿಯಂತೆ ಕೆಲಸ ಮಾಡುತ್ತವೆ. ನಡುವೆ ನಲ್ಲಿ ಮೂಳೆ, ಗೊರಸು ಅಥವಾ ಕಲ್ಲಿನಂಥ ಚೀಸ್ ಕಡ್ಡಿ ಸಿಕ್ಕಿದರೆ ಹಲ್ಲಿನ ಹೊರಮೈಯಿಂದ ಒಂದು ಚಪ್ಪಟೆ ಚೂರು ವಸಡಿನವರೆಗೂ ಸೀಳಿ ಬರುತ್ತದೆ. ಮುರಿದ ಜಾಗದ ಮಧ್ಯೆ ಗುಲಾಬಿ ಚುಕ್ಕೆ ಕಂಡರೆ ಒಳಗಿನ ನರ ಇನ್ನೂ ಜೀವಂತ. ಕಪ್ಪು ಚುಕ್ಕೆಯಾದರೆ ಸತ್ತಿರುವ ಸಾಧ್ಯತೆಯೇ ಹೆಚ್ಚು.

ನಾಯಿ ಅಳುವುದಿಲ್ಲ. ಅಂದು ರಾತ್ರಿಯೂ ತಟ್ಟೆ ಖಾಲಿ ಮಾಡುತ್ತದೆ. ಆ ಪಕ್ಕ ಬಿಟ್ಟು ಈ ಪಕ್ಕ ಅಗಿಯುತ್ತದೆ, ಇಲ್ಲವೇ ಹಾಗೇ ನುಂಗುತ್ತದೆ. "ಚೆನ್ನಾಗೇ ತಿಂತಿದೆಯಲ್ಲ" ಎಂಬ ಮಾತಿಗೆ ನಾನು ಬೆಲೆ ಕೊಡದಿರುವುದು ಇದಕ್ಕೇ. ಒಂದು ಪಕ್ಕದ ಹಲ್ಲು ಬೆಳ್ಳಗಿದ್ದು ಇನ್ನೊಂದು ಪಕ್ಕ ಮಾತ್ರ ಕಂದು ಗಾರೆ ಕಟ್ಟಿದ್ದರೆ, ಆ ಪಕ್ಕ ಅಗಿಯುವುದನ್ನೇ ಬಿಟ್ಟಿದೆಯೇನೋ ಎಂದು ಅನುಮಾನಿಸಿ.

ತಿಂಗಳುಗಳ ನಂತರ ಕಣ್ಣಿನ ಕೆಳಗೆ ಊದುತ್ತದೆ. ಈ ಹಲ್ಲಿನ ಮೂರು ಬೇರುಗಳ ತುದಿ ಇರುವುದೇ ಅಲ್ಲಿ. ಜೇನು ಕಚ್ಚಿರಬೇಕು, ಬೆಕ್ಕು ಪರಚಿರಬೇಕು ಎಂದುಕೊಂಡು ಆಂಟಿಬಯೋಟಿಕ್ ಕೊಡುತ್ತಾರೆ. ಊತ ಇಳಿಯುತ್ತದೆ. ಮತ್ತೆ ಬರುತ್ತದೆ, ಈ ಸಲ ಚರ್ಮ ಒಡೆದು ಕೀವು ಸೋರುತ್ತದೆ. ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲವಾದ್ದರಿಂದ ಔಷಧಿ ಅಲ್ಲಿಗೆ ಮುಟ್ಟುವುದೇ ಇಲ್ಲ. ದಯವಿಟ್ಟು ಹಳೇ ಚೀಟಿ ತೋರಿಸಿ ಅದೇ ಮಾತ್ರೆ ಮತ್ತೆ ತರಬೇಡಿ. ಹಾಗೆಂದು ಊತವೆಲ್ಲ ಹಲ್ಲಿನದೇ ಅಲ್ಲ; ವಯಸ್ಸಾದ ನಾಯಿಯಲ್ಲಿ ಗಡ್ಡೆಯೂ ಇರಬಹುದು. ಎಕ್ಸ್-ರೇ ನೋಡದೆ ಖಚಿತವಾಗಿ ಹೇಳಲಾಗದು.

ಸಾಮಾನ್ಯವಾಗಿ ಪರಿಹಾರ ಎರಡೇ: ರೂಟ್ ಕೆನಾಲ್, ಇಲ್ಲವೇ ಕೀಳುವುದು. ಕೀಳುವಾಗ ಡ್ರಿಲ್‌ನಿಂದ ಹಲ್ಲನ್ನು ಮೂರು ಭಾಗ ಮಾಡಿ ಒಂದೊಂದೇ ಬೇರನ್ನು ತೆಗೆಯಬೇಕು. ತುದಿ ಮುರಿದು ಒಳಗೇ ಉಳಿದರೆ ಕೀವು ಮರಳಬಹುದು. ಎಳೆಯ ನಾಯಿಯಾಗಿದ್ದು, ಮುರಿದ 48 ಗಂಟೆಯೊಳಗೆ ಕರೆತಂದರೆ ಹಲ್ಲನ್ನು ಜೀವಂತವಾಗಿ ಉಳಿಸಿಕೊಳ್ಳುವ ಅವಕಾಶವೂ ಇರುತ್ತದೆ.

ಇನ್ನು ಅಗಿಯಲು ಏನು ಕೊಡಬಹುದು? ಹೆಬ್ಬೆರಳಿನ ಉಗುರು ಒತ್ತಿ ನೋಡಿ; ಗುರುತು ಮೂಡದಿದ್ದರೆ ಅದು ನಿಮ್ಮ ನಾಯಿಗೆ ಬೇಡ. ಗುರುತು ಮೂಡುವಂಥದ್ದೂ ಬ್ರಷ್‌ನ ಬದಲಿಗಲ್ಲ. ಹಲ್ಲಿನ ಮೇಲಿನ ಲೋಳೆ ಎರಡು ಮೂರು ದಿನದಲ್ಲಿ ಗಾರೆಯಾಗುತ್ತದೆ, ಆಮೇಲೆ ಬ್ರಷ್‌ಗೆ ಜಗ್ಗುವುದಿಲ್ಲ. ಗ್ರೂಮಿಂಗ್ ಅಂಗಡಿಗಳಲ್ಲಿ ಅರಿವಳಿಕೆಯಿಲ್ಲದೆ ಕೆರೆಯುವುದರಿಂದ ಹೊರಗಿನದು ಬೆಳ್ಳಗಾಗುತ್ತದೆ, ವಸಡಿನೊಳಗಿನ ರೋಗ ಹಾಗೇ ಉಳಿಯುತ್ತದೆ.

ಉಜ್ಜಲು ಮಕ್ಕಳ ಮೆದು ಬ್ರಷ್ ಸಾಕು. ಬಾಯಿ ಅಗಲಿಸಬೇಡಿ, ತುಟಿ ಎತ್ತಿ, ಬ್ರಷ್ಷನ್ನು ವಸಡಿನ ಕಡೆಗೆ ಓರೆ ಹಿಡಿದು, ಹೊರಮೈಯನ್ನಷ್ಟೇ ಒಂದೊಂದು ಪಕ್ಕಕ್ಕೆ ಅರ್ಧ ನಿಮಿಷ ಉಜ್ಜಿ. ಮೊದಲ ವಾರ ಪೇಸ್ಟನ್ನು ಬೆರಳಿನಿಂದ ನೆಕ್ಕಿಸಿದರೂ ಸಾಕು. ಆ ಪೇಸ್ಟ್ ನಾಯಿಯದ್ದೇ ಆಗಿರಲಿ. ನಮ್ಮದರಲ್ಲಿ ಫ್ಲೋರೈಡ್ ಇರುತ್ತದೆ, ಕೆಲವದರಲ್ಲಿ ಸಕ್ಕರೆಯ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಕೂಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕ್ಸೈಲಿಟಾಲ್ ಹೊಟ್ಟೆಗೆ ಹೋದರೆ ರಕ್ತದ ಸಕ್ಕರೆ ಧಿಡೀರನೆ ಇಳಿಯುತ್ತದೆ.